ಹೂಂಗುಟ್ಟುವ ಬಿಸ್ಕತ್ತಿನ ಡಬ್ಬ

ನಮ್ಮ ಮನೆಗೆ ಬಂದವರು ಒಮ್ಮೆಯಾದರೂ ನನ್ನ ಮೇಜಿನ ಮೇಲಿರುವ ಬಿಸ್ಕತ್ತಿನ ಡಬ್ಬದ ಕಡೆಗೆ ಕೈ ಚಾಚುತ್ತಾರೆ. ಅವರದೇನೂ ತಪ್ಪಿಲ್ಲ. ತಗಡಿನ ಮುಚ್ಚಳದ ಮೇಲೆ ಬೆಣ್ಣೆ ಬಿಸ್ಕತ್ತುಗಳ ಚಿತ್ರ ಇನ್ನೂ ಹೊಳೆಯುತ್ತಿದೆ. ಮೇಲಿನ ಮಹಡಿಯ ಟೀಚರ್ ಒಮ್ಮೆ ಮುಚ್ಚಳ ಎತ್ತಿ ನೋಡಿ, “ಅಯ್ಯೋ, ಇದೆಂದಾ ಸಾರೇ, ಬೋಂಬೋ?” ಎಂದು ಹಿಂದೆ ಸರಿದಿದ್ದರು. ಬಾಂಬಲ್ಲ, ಪ್ರೀಆಂಪ್ ಎಂದೆ. ಅವರ ಮುಖ ನೋಡಿದರೆ, ಬಾಂಬೆಂದೇ ಹೇಳಿದ್ದರೆ ಹೆಚ್ಚು ಅರ್ಥವಾಗುತ್ತಿತ್ತೇನೋ ಅನ್ನಿಸಿತು.

ಪ್ರೀಆಂಪ್ ಎಂದರೆ ದೊಡ್ಡ ವಿಷಯವೇನಲ್ಲ. ಹಾಡುವ ಯಂತ್ರಕ್ಕೂ ಸ್ಪೀಕರನ್ನು ನಡುಗಿಸುವ ಯಂತ್ರಕ್ಕೂ ನಡುವೆ ಕೂತು, ಬಂದ ಪುಟ್ಟ ದನಿಯನ್ನು ಮುಂದಕ್ಕೆ ನಡೆಯುವಷ್ಟು ಗಟ್ಟಿ ಮಾಡಿ ಕಳಿಸುವ ಮಧ್ಯಸ್ಥ. ಅಂಗಡಿಯಲ್ಲಿ ಸಿದ್ಧವಾದದ್ದು ಸಿಗುತ್ತದೆ. ಆದರೂ ನಾನು ಕೈಯಾರೆ ಕಟ್ಟಿದ್ದೇನೆ. ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ ನನಗಿಷ್ಟ. ಅಮ್ಮ ಸಂಜೆ ಹಾಲುಮಡ್ಡಿಯ ಧೂಪ ಹಾಕುತ್ತಿದ್ದಳಲ್ಲ, ಅದರ ಬಡ ಸಂಬಂಧಿಯ ಹಾಗೆ ಇರುತ್ತದೆ ಅದು. ಹೀಗೆಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ನಿಜವಾಗಿ ಅಮ್ಮ ದಿನವೂ ಹಾಲುಮಡ್ಡಿ ಹಾಕುತ್ತಿದ್ದಳೇ, ಅಥವಾ ಒಂದೆರಡು ಸಲ ಹಾಕಿದ್ದನ್ನು ನಾನು ಹಿಗ್ಗಿಸಿಕೊಂಡಿದ್ದೇನೆಯೇ ಎಂದು ಕೇಳಿದರೆ ತಡವರಿಸುತ್ತೇನೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವನು ನಾನು. ನೆನಪಿನ ಮೇಲೆ ನಂಬಿಕೆಯಿಲ್ಲವೆಂದು ಬರೆಯಲು ಶುರು ಮಾಡಿದೆ. ಈಗ ಹಳೆಯದನ್ನು ತಿರುವಿದಾಗ, ಬರೆದವನ ಮೇಲೂ ನಂಬಿಕೆ ಬರುವುದಿಲ್ಲ.

ಡಬ್ಬದ ಬೆನ್ನಿಗೆ ಎರಡು ಬಗೆಯ ಬಾಯಿಗಳಿವೆ. ಒಂದು ಮನೆಗಳಲ್ಲಿ ಕಾಣುವ ಎರಡೆಳೆಯ ವಯರಿನದು. ಒಂದೆಳೆಯಲ್ಲಿ ದನಿ, ಇನ್ನೊಂದು ಅರ್ತ್. ಇದಕ್ಕೆ ಅನ್‌ಬ್ಯಾಲೆನ್ಸ್ಡ್ ಎನ್ನುತ್ತಾರೆ. ಇನ್ನೊಂದು ಸ್ಟುಡಿಯೋಗಳಲ್ಲಿರುವ, ಮೂರು ಪಿನ್ನಿನ, ಗತ್ತಿನ ಬಾಯಿ. ಅದು ಬ್ಯಾಲೆನ್ಸ್ಡ್. ನನ್ನದು ಮೊದಲನೆಯ ಜಾತಿ, ಅಕ್ಕನದು ಎರಡನೆಯದು. ಒಂದೇ ಡಬ್ಬದಲ್ಲಿ ಎರಡನ್ನೂ ಕೂರಿಸಲು ಹೋದದ್ದರಿಂದ ಈ ಪ್ರಬಂಧ ಹುಟ್ಟಿತು.

ಅಕ್ಕ ತಿರುವನಂತಪುರದಲ್ಲಿ ಒಂದು ಧ್ವನಿಮುದ್ರಣ ಸ್ಟುಡಿಯೋದಲ್ಲಿ ಇಂಜಿನಿಯರಾಗಿದ್ದವಳು. ಗಾಜಿನ ಆಚೆ ಹಾಡುವವರು ಎಷ್ಟು ದೊಡ್ಡವರಾದರೂ ಅಕ್ಕ ಬೆರಳೆತ್ತುವವರೆಗೆ ಬಾಯಿ ತೆರೆಯುವಂತಿರಲಿಲ್ಲ. ಆ ಅಭ್ಯಾಸ ಅವಳನ್ನು ಬಿಟ್ಟಿಲ್ಲ. ಊಟಕ್ಕೆ ಕೂತಾಗಲೂ ಮಾತಾಡುವವರ ಕಡೆ ಬೆರಳೆತ್ತುತ್ತಾಳೆ. ನಿವೃತ್ತಿಯಾದ ಮೇಲೆ ವಿಳಿಂಜಂ ಕಡೆ ಮನೆ ಮಾಡಿದಳು. ಸ್ಟುಡಿಯೋದವರು ಹಳೆಯ ಕ್ಯಾಸೆಟ್ ಡೆಕ್ ಒಂದನ್ನು ಅವಳಿಗೆ ನೆನಪಿಗೆಂದು ಕೊಟ್ಟಿದ್ದರು. “ಇಲ್ಲಿ ಉಪ್ಪುಗಾಳಿಗೆ ಬೀಗವೇ ತುಕ್ಕು ಹಿಡಿಯುತ್ತದೆ, ಇದು ಉಳಿಯುವುದಿಲ್ಲ ಮಾರಾಯ, ನೀನೇ ಇಟ್ಟುಕೋ” ಎಂದು ಅದನ್ನು ಕೊಚ್ಚಿಯ ಬಳಿಯ ಆಲುವದ ನಮ್ಮ ಫ್ಲಾಟಿಗೆ ಕಳಿಸಿದಳು. ಡೆಕ್ಕಿನ ಬೆನ್ನಿಗೆ ಮೂರು ಪಿನ್ನು. ನನ್ನಲ್ಲಿದ್ದ ಎಲ್ಲದಕ್ಕೂ ಎರಡೆಳೆ.

ಅಷ್ಟಕ್ಕೂ ಡೆಕ್ ಯಾಕೆ ಬೇಕಿತ್ತೆಂದರೆ, ನಮ್ಮ ಬಳಿ ಒಂದು ಕ್ಯಾಸೆಟ್ ಇದೆ. ಅದರಲ್ಲಿ ಅಮ್ಮ ಕಥೆ ಹೇಳುತ್ತಾಳೆ.

ನಾವು ಕಾಸರಗೋಡಿನವರು. ಅಪ್ಪನಿಗೆ ತಿರುವನಂತಪುರದಲ್ಲಿ, ಸರಕಾರದ ಕಾನೂನು ಇಲಾಖೆಯಲ್ಲಿ ಕೆಲಸ; ಇಡೀ ದಿನ ಕಾಗದಗಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ಸಂಜೆ ಮನೆಗೆ ಬರುವಾಗ ಅವರಲ್ಲಿ ಯಾವ ಭಾಷೆಯೂ ಉಳಿದಿರುತ್ತಿರಲಿಲ್ಲ. ಅಮ್ಮನಿಗೆ ಮಲಯಾಳ ಬರುತ್ತಿತ್ತು, ಆದರೆ ಅದು ಬಡಗಿನ ಮಲಯಾಳ. ತಿರುವನಂತಪುರದ ಕ್ವಾರ್ಟರ್ಸಿನಲ್ಲಿ ಅವಳು ಬಾಯಿ ತೆರೆದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಪಕ್ಕದ ಮನೆಯವರು ಪ್ರೀತಿಯಿಂದಲೇ “ಎಂದರಪ್ಪೀ”, ಅಂದರೆ ಏನು ಸಮಾಚಾರ ಎಂದು ಮಾತಿಗೆಳೆದರೆ, ಅಮ್ಮ ಒಳಗೆ ಬಂದು, “ಅವರು ಯಾರ ಅಪ್ಪನನ್ನು ಕೇಳುವುದು?” ಎಂದು ನಮ್ಮನ್ನು ಕೇಳುತ್ತಿದ್ದಳು. ನಾವು ಶಾಲೆಯಿಂದ ಬರುವವರೆಗೆ ಅವಳು ಕನ್ನಡದಲ್ಲಿ ಒಂದು ಮಾತೂ ಆಡಿರುತ್ತಿರಲಿಲ್ಲ. ಬಂದ ಮೇಲೆ ನಾವಿಬ್ಬರೂ ಮಲಯಾಳದಲ್ಲಿ ಜಗಳವಾಡುತ್ತಿದ್ದೆವು.

ಹಾಗಾಗಿ ಅವಳಿಗೆ ಉಳಿದದ್ದು ಕಥೆಯ ಹೊತ್ತು. ಕಥೆಗೆ ಒಂದು ಕಟ್ಟಳೆಯಿತ್ತು. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಕೇಳುವವರು ಹೂಂಗುಟ್ಟಬೇಕು. ಒಂದು ವಾಕ್ಯ, ಒಂದು ಹೂಂ. ಹೂಂ ನಿಂತರೆ ಕಥೆ ಅಲ್ಲೇ ನಿಲ್ಲುತ್ತದೆ. ರಾಜಕುಮಾರ ಕುದುರೆ ಏರಲು ಎತ್ತಿದ ಕಾಲು ಮರುದಿನದವರೆಗೆ ಎತ್ತಿದಂತೆಯೇ.

ಗಲ್ಫಿನಿಂದ ಬಂದ ಸೋದರಮಾವ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಕರೆಂಟು ಹೋದ ಒಂದು ಸಂಜೆ, ಬ್ಯಾಟರಿ ಹಾಕಿ ಅಮ್ಮನ ಕಥೆಯನ್ನು ಅದರಲ್ಲಿ ಹಿಡಿದಿದ್ದಾರೆ. ಗುಂಡಿ ಒತ್ತಿದ್ದು ಅಪ್ಪ ಎನ್ನುತ್ತಾಳೆ ಅಕ್ಕ. ನನಗೆ ಮಾವ ಎಂದು ನೆನಪು. ಕಥೆ ಅಮ್ಮನೇ ಕಟ್ಟಿದ್ದು: ಮುಂಗುಸಿಯೊಂದು ತಲೆಯ ಮೇಲೆ ಹಲಸಿನ ಹಣ್ಣು ಹೊತ್ತುಕೊಂಡು ಮಾವನ ಮನೆಗೆ ಹೊರಡುತ್ತದೆ. ಶುರುವಿನಲ್ಲಿ ಒಂದು ಮಗುವಿನ ಹೂಂ ಸ್ಪಷ್ಟವಾಗಿ ಕೇಳುತ್ತದೆ. ಮುಂಗುಸಿ ತೋಡಿನ ನೀರು ದಾಟುವ ಹೊತ್ತಿಗೆ ಆ ಹೂಂ ಮಂಕಾಗಿ ನಿಲ್ಲುತ್ತದೆ. ಆದರೆ ಅಮ್ಮ ನಿಲ್ಲುವುದಿಲ್ಲ. ಹಣ್ಣಿನ ಕೊನೆಯ ಸೊಳೆಯವರೆಗೆ ಹೇಳುತ್ತಾಳೆ.

ಆ ಹೂಂ ಯಾರದು?

ನನ್ನದು. ಕಂದೀಲಿನ ಬೆಳಕು, ಅಮ್ಮನ ಮೂಗುಬೊಟ್ಟಿನ ಮಿನುಗು, ನನ್ನ ಕಡೆಗೇ ನೆಟ್ಟಿದ್ದ ಅವಳ ಕಣ್ಣು, ಎಲ್ಲ ನನ್ನೊಳಗಿದೆ. ದನಿ ನಿಂತದ್ದು ನಿಜ. ಆಮೇಲೆ ನಾನು ತಲೆಯಾಡಿಸುತ್ತಿದ್ದೆ. ಕಟ್ಟಳೆ ಇದ್ದದ್ದು ಹಾಗೆ, ನಾನು ಮಲಗಿದ್ದರೆ ಅಮ್ಮ ನಿಲ್ಲಿಸಿಬಿಡುತ್ತಿದ್ದಳಲ್ಲ? ಇದು ನನ್ನ ವಾದ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕನದೂ ಇದೇ ವಾದ, ಅದೇ ಕಂದೀಲು, ಅದೇ ಮೂಗುಬೊಟ್ಟು. “ನಿನಗೆ ಆಗ ಯಾವಾಗಲೂ ನೆಗಡಿ. ನೀನು ಹೂಂ ಅಂದರೆ ‘ಉಬ್’ ಅಂತ ಬರ್ತಿತ್ತು” ಎನ್ನುತ್ತಾಳೆ.

ಅಮ್ಮ ಇದ್ದಾಗ ಕೇಳಿದ್ದೆವು. ನಾನು ಕೇಳಿದಾಗ “ನೀನೇ ಮಗಾ” ಎಂದಳು. ಅಕ್ಕ ಕೇಳಿದಾಗ “ನೀನೇ ಮಗಳೇ” ಎಂದಳಂತೆ.

ನಗಬೇಡಿ. ಇಷ್ಟು ಸಣ್ಣ ವಿಷಯಕ್ಕೆ ಐವತ್ತು ದಾಟಿದ ಇಬ್ಬರು ಜಗಳವಾಡುವುದು ನಗೆಪಾಟಲೇ. ಆದರೆ ದಿನವಿಡೀ ಯಾರ ಜೊತೆಯೂ ಮಾತಿಲ್ಲದ ಹೆಂಗಸಿನ ಜೊತೆ ಒಂದು ಸಂಜೆ ಕೊನೆಯವರೆಗೆ ಎಚ್ಚರವಿದ್ದವರು ಒಬ್ಬರಿದ್ದರು. ಆ ಒಬ್ಬರು ನಾನೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಅಮ್ಮನಿಗೆ ನಾನು ಮಾಡಿದ ಸೇವೆಯೆಂದು ಎಣಿಸಿಕೊಳ್ಳಲು ಹೊರಟರೆ ಅದಕ್ಕಿಂತ ದೊಡ್ಡದು ನನಗೆ ಸಿಗುವುದಿಲ್ಲ. ಅಕ್ಕನಿಗೂ ಹಾಗೆಯೇ ಇರಬೇಕು, ಅವಳು ಹೇಳುವವಳಲ್ಲ.

ಟೇಪ್ ರೆಕಾರ್ಡರ್ ಇನ್ನೂ ಬದುಕಿದೆ, ಆದರೆ ಮುದಿಯಾಗಿದೆ. ಬ್ಯಾಟರಿ ಕೂರುವ ಜಾಗ ಎಂದೋ ಕೊಳೆತುಹೋಗಿ ಕರೆಂಟಿಗೆ ಮಾತ್ರ ಓಡುತ್ತದೆ. ಓಡಿದ ಕೂಡಲೇ ದುಂಬಿಯ ಗೂಡಿನಂತೆ ಗುಂಯ್ ಎನ್ನುತ್ತದೆ. ನಮ್ಮ ಆಫೀಸಿನ ಹುಡುಗನೊಬ್ಬ ಅದರಿಂದಲೇ ಕಂಪ್ಯೂಟರಿಗೆ ಇಳಿಸಿ, ಗುಂಯ್‌ಗುಟ್ಟುವುದನ್ನೆಲ್ಲ ಒರೆಸಿ ಕೊಟ್ಟಿದ್ದ. ಅಮ್ಮನ ದನಿ ಸ್ವಚ್ಛವಾಗಿತ್ತು, ಟೆಲಿಫೋನಿನಲ್ಲಿ ಸಮಯ ಹೇಳುವ ಹೆಂಗಸಿನಷ್ಟು ಸ್ವಚ್ಛ. ಅಕ್ಕ ಒಂದೇ ಸಲ ಕೇಳಿ, “ಇವ ನೆಲ ಒರೆಸುವ ಭರದಲ್ಲಿ ಹಾಸಿದ ಚಾಪೆಯನ್ನೂ ಒಯ್ದಿದ್ದಾನೆ” ಎಂದಳು. ಡೆಕ್ ಕಳಿಸಿದ್ದು ಅದಾದ ಮೇಲೆಯೇ.

ಸಾಮಾನು ತರಲು ಕೊಚ್ಚಿಯ ಪಳ್ಳಿಮುಕ್ಕಿಗೆ ಹೋಗಿದ್ದೆ. ಅಂಗಡಿಯ ಚೇಟ್ಟ ನನ್ನ ನಕ್ಷೆ ನೋಡಿ, ಎಲ್ಲ ಕಟ್ಟಿಕೊಟ್ಟು, ಕೊನೆಗೊಂದು ಪ್ರಶ್ನೆ ಕೇಳಿದ. “ಮೂಳಲ್ ಉಂಡೋ ಸಾರೇ?” ಮೂಳಲ್ ಎಂದರೆ ಮಲಯಾಳದಲ್ಲಿ ಯಂತ್ರದ ಗುಂಯ್ ಶಬ್ದ. ಕಥೆ ಕೇಳುವಾಗ ಹೂಂಗುಟ್ಟುವುದಕ್ಕೂ ಅದೇ ಮಾತು. ನಾನು ಅರೆಕ್ಷಣ ತಬ್ಬಿಬ್ಬಾದೆ. ಈ ಮನುಷ್ಯನಿಗೆ ನಮ್ಮ ಮನೆಯ ವ್ಯಾಜ್ಯ ಹೇಗೆ ತಿಳಿಯಿತು?

ಈಗ ನನ್ನ ಬುದ್ಧಿವಂತಿಕೆಯ ಪ್ರಕರಣ. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ನನ್ನ ಕೆಲಸವೇ ಯಂತ್ರಗಳ ಬಳಕೆಯ ಕೈಪಿಡಿ ಬರೆಯುವುದು. ಕೈಪಿಡಿ ಬರೆಯುವವರು ಕೈಪಿಡಿ ಓದುವುದಿಲ್ಲ. ಮೂರು ಪಿನ್ನಿನಲ್ಲಿ ಒಂದು ಅರ್ತ್. ಉಳಿದೆರಡರಲ್ಲೂ ಇರುವುದು ಅದೇ ಹಾಡು ಎಂದು ಎಲ್ಲೋ ಓದಿದ್ದೆ. ಎರಡರಲ್ಲೂ ಅದೇ ಇದ್ದರೆ ಒಂದನ್ನು ಯಾಕೆ ವ್ಯರ್ಥ ಮಾಡಬೇಕು, ಎರಡನ್ನೂ ಹೆಣೆದರೆ ದನಿ ಇಮ್ಮಡಿಯಾಗುತ್ತದೆ ಎಂದು ಎರಡು ಎಳೆಗಳನ್ನೂ ಕೂಡಿಸಿ ಬೆಸುಗೆ ಹಾಕಿದೆ. ಎರಡೆಳೆಯ ಬಾಯಿ ಮೊದಲೇ ಸರಿಯಾಗಿತ್ತು. ಹೆಮ್ಮೆಯಿಂದ ಹೆಂಡತಿಯನ್ನು ಕರೆದೆ. ಸುಮಾ ಮೈಸೂರಿನವಳು. ಬಂದು ಕಿವಿಗೊಟ್ಟು, “ಏನ್ರೀ ಇದು, ಮಿಕ್ಸಿ ಹಾಕಿದೀರಾ?” ಎಂದಳು.

ಅಮ್ಮನ ದನಿಯೇ ಇರಲಿಲ್ಲ. ಡೆಕ್ಕಿನಲ್ಲಿ ಕ್ಯಾಸೆಟ್ ತಿರುಗುತ್ತಿತ್ತು, ಸ್ಪೀಕರಿನಲ್ಲಿ ಬರೀ ಗುಂಯ್. ವಾಲ್ಯೂಮ್ ಹೆಚ್ಚಿಸಿದರೆ ಗುಂಯ್ ಹೆಚ್ಚಾಯಿತು. ಡೆಕ್ ಟೇಪನ್ನು ಅಳಿಸಿಬಿಟ್ಟಿತೇ? ಅಕ್ಕನಿಗೆ ಫೋನ್ ಮಾಡಿದೆ. ಗಾಬರಿಯಲ್ಲಿ ನಾವಿಬ್ಬರೂ ಬಾಲ್ಯದ ಜಗಳದ ಭಾಷೆಗೆ ಜಾರುತ್ತೇವೆ.

“ಅಕ್ಕಾ, ಅಮ್ಮ ಹೋದಳು. ಮೂಳಲ್ ಮಾತ್ರ ಉಂಟು.”

ಆ ಕಡೆಯಿಂದ ತುಂಬ ಮೆಲ್ಲಗೆ, “ಯಾರ ಮೂಳಲ್? ನಿನ್ನದಾ, ನನ್ನದಾ?”

“ಆ ಮೂಳಲ್ ಅಲ್ಲ ಮಾರಾಯ್ತಿ! ಯಂತ್ರದ್ದು! ಗುಂಯ್!”

“ಹಾಗೆ ಹೇಳು. ಎರಡನೇ ಪಿನ್ನು, ಮೂರನೇ ಪಿನ್ನು ಒಟ್ಟಿಗೆ ಸೇರಿಸಿದ್ದೀಯಾ?”

“ಎರಡರಲ್ಲೂ ಒಂದೇ ಹಾಡು ಅಲ್ವಾ?”

“ಒಂದೇ ಹಾಡು. ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗೆ. ಸೇರಿಸಿದರೆ ಒಂದನ್ನೊಂದು ತಿಂದು ಮುಗಿಸ್ತವೆ. ಈ ಏಲೂರಿನ ಕಾರ್ಖಾನೆಗಳ ಕಡೆಯ ಕರೆಂಟೇ ಸರಿ ಇಲ್ಲ ಅಂತ ಈಗ ನೀನು ಹೇಳ್ಳಿಕ್ಕುಂಟು, ಗೊತ್ತುಂಟು ನನಗೆ. ಏನೂ ಮುಟ್ಟಬೇಡ. ನಾನೇ ಬರ್ತೇನೆ.”

ಏಲೂರಿನ ಕರೆಂಟಿನ ಮಾತನ್ನು ನಾನು ನಾಲಿಗೆಯ ತುದಿಯಿಂದ ವಾಪಸು ನುಂಗಿದೆ.

ಶನಿವಾರ ಬೆಳಗಿನ ರೈಲಿಗೆ ಅಕ್ಕ ಆಲುವದಲ್ಲಿ ಇಳಿದಳು. ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಸ್ಕ್ರೂಡ್ರೈವರ್‌ಗಳಿದ್ದವು. ಡಬ್ಬದ ಮುಚ್ಚಳ ತೆಗೆದು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

“ಎಂತದಿದು, ನೂಲು ಪುಟ್ಟಾ?” ಶಾವಿಗೆಯಂತಹ ಇಲ್ಲಿನ ತಿಂಡಿಗೆ ನನ್ನ ವಯರುಗಳನ್ನು ಹೋಲಿಸುತ್ತಿದ್ದಳು. “ಸುಮಾ, ಇವನಿಗೆ ಹೀಗೆ ಉಂಟು ಅಂತ ಮದುವೆಗೆ ಮೊದಲು ನಿಮಗೆ ಯಾರೂ ಹೇಳಲಿಲ್ವಾ?”

“ಹೇಳಿದ್ರು ಅತ್ತಿಗೆ. ನೀವು ಸರಿ ಮಾಡ್ತೀರ ಅಂತಲೂ ಹೇಳಿದ್ರು.”

ಸರಿ ಮಾಡುತ್ತ ಅಕ್ಕ ನನಗೆ ಪಾಠ ಹೇಳಿದಳು. ಮೊದಲ ಬಾರಿಗೆ ಅರ್ಥವಾದದ್ದರಿಂದ ನಿಮಗೂ ಹೇಳುತ್ತೇನೆ. ಮೂರು ಪಿನ್ನಿನ ವಯರಿನಲ್ಲಿ ಇಬ್ಬರು ಸಾಕ್ಷಿಗಳು ಜೊತೆಯಾಗಿ ನಡೆಯುತ್ತಾರೆ. ಒಬ್ಬ ನಡೆದದ್ದನ್ನು ನೆಟ್ಟಗೆ ಹೇಳುತ್ತಾನೆ, ಇನ್ನೊಬ್ಬ ಅದನ್ನೇ ಪೂರ್ತಿ ತಿರುಗಿಸಿ ಹೇಳುತ್ತಾನೆ. ದಾರಿಯ ಧೂಳು ಮಾತ್ರ ಇಬ್ಬರ ಮೈಮೇಲೂ ಒಂದೇ ತರ ಕೂರುತ್ತದೆ. ಈ ತುದಿಯಲ್ಲಿರುವ ಐಸಿ ಎಂಬ, ಕಾಲುಗಳಿರುವ ಪುಟ್ಟ ಚಿಪ್ ಒಬ್ಬನ ಮಾತಿನಿಂದ ಇನ್ನೊಬ್ಬನದನ್ನು ಕಳೆಯುತ್ತದೆ. ಇಬ್ಬರಲ್ಲೂ ಒಂದೇ ತರ ಇದ್ದದ್ದು, ಅಂದರೆ ಧೂಳು, ಹೋಗುತ್ತದೆ. ಬೇರೆ ಬೇರೆಯಾಗಿದ್ದದ್ದು ಉಳಿಯುತ್ತದೆ. ನಾನು ಕಳೆಯುವ ಬದಲು ಕೂಡಿಸಿದ್ದೆ. ಅಮ್ಮ ಹೋಗಿ ಧೂಳು ಉಳಿಯಿತು.

“ಇಬ್ಬರೂ ಒಂದೇ ತರ ಹೇಳಿದ್ದು ಸುಳ್ಳು, ಬೇರೆ ಬೇರೆ ಹೇಳಿದ್ದು ನಿಜ. ಅಪ್ಪನ ಕಾನೂನು ಇಲಾಖೆಗೆ ಇದು ಆಗ್ತಿರಲಿಲ್ಲ” ಎಂದಳು ಅಕ್ಕ.

ಎರಡು ಜಾತಿಯ ಬಾಯಿಗಳನ್ನೂ ಒಂದೇ ಐಸಿಗೆ ಹೊಂದಿಸಲು ಅವಳು ಮಾಡಿದ್ದು ಸಣ್ಣ ಕೆಲಸ. ಒಂದು ಸ್ವಿಚ್ಚು ಹಾಕಿದಳು. ಮೂರು ಪಿನ್ನಿನ ಕಡೆ ತಿರುಗಿಸಿದರೆ ತಲೆಕೆಳಗಿನ ಸಾಕ್ಷಿ ಐಸಿಯ ಕಳೆಯುವ ಕಾಲಿಗೆ ಹೋಗುತ್ತಾನೆ. ಎರಡೆಳೆಯ ಕಡೆ ತಿರುಗಿಸಿದರೆ ಆ ಕಾಲು ಅರ್ತಿಗೆ ಸೇರುತ್ತದೆ. ಒಬ್ಬನೇ ಸಾಕ್ಷಿ, ಅವನು ಹೇಳಿದ್ದೇ ಸರಿ, ಧೂಳು ಸಮೇತ. “ಆ ಕಾಲನ್ನು ಗಾಳಿಯಲ್ಲಿ ಬಿಡಬಾರದು. ಬಿಟ್ಟರೆ ನಿನ್ನ ಮಾತಿನ ಹಾಗೆ, ಅರ್ಥವೂ ಇಲ್ಲ, ಅರ್ತೂ ಇಲ್ಲ.”

ಊಟವಾಯಿತು. ಸುಮಾ ಮಾಡಿದ ಎರಿಶ್ಶೇರಿಯನ್ನು ಅಕ್ಕ ಎರಡು ಸಲ ಹಾಕಿಸಿಕೊಂಡು, ಕುಂಬಳಕಾಯಿ ಬೆಂದಿಲ್ಲವೆಂದಳು. ಮಧ್ಯಾಹ್ನ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಕೂತೆವು. ಮೊದಲು ಹಳೆಯ ರೆಕಾರ್ಡರನ್ನು ಎರಡೆಳೆಯ ಬಾಯಿಗೆ ಸಿಕ್ಕಿಸಿದೆವು. ಗುಂಯ್, ಅದರ ನಡುವೆ ಅಮ್ಮ, ದೂರದ ಬಸ್ಸಿನಲ್ಲಿ ಕೂತು ಮಾತಾಡುವವಳ ಹಾಗೆ. ಕ್ಯಾಸೆಟ್ ತೆಗೆದು ಡೆಕ್ಕಿಗೆ ಹಾಕಿ ಸ್ವಿಚ್ಚು ತಿರುಗಿಸಿದೆ.

ಗುಂಯ್ ಇಲ್ಲ. ಏನೂ ಇಲ್ಲ. ಅದು ಹಾಳಾಗಿದೆ ಎಂದೇ ನಾನು ಎದ್ದೆ. ಅಕ್ಕ ಬೆರಳೆತ್ತಿದಳು.

“ಕರೆಂಟು ಬರುವವರೆಗೆ ಒಂದು ಕಥೆ ಹೇಳ್ತೇನೆ, ಆಯ್ತಾ?” ಎಂದಳು ಅಮ್ಮ.

ನಮ್ಮಿಬ್ಬರಿಗಿಂತಲೂ ಎಳೆಯ ದನಿ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ನೆನಪಿನ ಅಮ್ಮ ಆ ಸಂಜೆಯಲ್ಲೂ ಕೊನೆಗಾಲದ ಅಮ್ಮನ ಮುಖವನ್ನೇ ಇಟ್ಟುಕೊಂಡು ಕೂತಿದ್ದಳು. ಇಲ್ಲಿ ಮಾತಾಡುತ್ತಿದ್ದವಳು ಮೂವತ್ತೂ ಆಗದ ಹುಡುಗಿ. ಅವಳ ಬಳೆ ಅಲ್ಲಾಡುವುದು ಕೇಳಿತು. ಹೊರಗೆಲ್ಲೋ ಒಂದು ಸೈಕಲ್ ಬೆಲ್ಲು. ಆಮೇಲೆ ಮಗುವಿನ ಹೂಂ.

“ಕೇಳು, ನಾನೇ” ಎಂದೆ.

“ನೆಗಡಿ ಎಲ್ಲುಂಟು ಅದರಲ್ಲಿ? ನಾನು.”

ಮುಂಗುಸಿ ಹಲಸಿನ ಹಣ್ಣು ಹೊತ್ತಿತು. ಹೂಂ. ದಾರಿಯಲ್ಲಿ ಆಮೆ ಸಿಕ್ಕಿ ಒಂದು ಸೊಳೆ ಕೇಳಿತು. ಹೂಂ. ತೋಡು ಬಂತು. ಹೂ... ಅಲ್ಲಿಗೆ ಮಗುವಿನ ದನಿ ನಿಂತಿತು. ಅಮ್ಮ ಒಂದು ಕ್ಷಣ ಸುಮ್ಮನಾದಳು. ಇದುವರೆಗೆ ಆ ಜಾಗದಲ್ಲಿ ನಾವು ಕೇಳಿದ್ದು ಬರೀ ಗುಂಯ್. ಹುಡುಗನ ಕಂಪ್ಯೂಟರಿನಲ್ಲಿ ಬರೀ ಮೌನ. ಈಗ ಅಲ್ಲೊಂದು ದನಿಯಿತ್ತು. ಮುಚ್ಚಿದ ಬಾಯಿಯೊಳಗಿಂದ, ತಗ್ಗಿದ ಸ್ವರದಲ್ಲಿ.

“ಹೂಂ.”

ಮತ್ತೆ ಅಮ್ಮ: “ತೋಡಿನಲ್ಲಿ ಏಡಿ ಇತ್ತು. ಏಡಿ ಕೇಳಿತು, ಭಾವಾ, ನನಗೊಂದು ಸೊಳೆ ಇಲ್ವಾ ಅಂತ.” ಮತ್ತೆ ತಗ್ಗಿದ ಸ್ವರ: “ಹೂಂ.”

ಯಾರದೆಂದು ತಿಳಿಯಲು ಎರಡು ಮೂರು ವಾಕ್ಯ ಹಿಡಿಯಿತು. ಹೂಂ ಮತ್ತು ಮುಂದಿನ ಮಾತು ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅಮ್ಮನೇ ಹೇಳುತ್ತಿದ್ದಳು, ಅಮ್ಮನೇ ಹೂಂಗುಟ್ಟುತ್ತಿದ್ದಳು. ಕಟ್ಟಳೆ ಮುರಿಯಬಾರದಲ್ಲ.

ಅಕ್ಕ ನನ್ನ ಕಡೆ ತಿರುಗಲಿಲ್ಲ. ನಾನೂ ಅವಳ ಕಡೆ ತಿರುಗಲಿಲ್ಲ. ಅವಳು ಡೆಕ್ಕಿನ ಕಡೆ ಬೆರಳು ತೋರಿಸಿದಳು.

“ಆ ಮೊದಲಿನ ಹೂಂ ಉಂಟಲ್ಲ, ಈಗ ಸರಿ ಕೇಳಿದರೆ ಸ್ವಲ್ಪ ನೆಗಡಿಯ ಹಾಗೆಯೇ ಉಂಟು. ಅದು ನೀನೇ.”

“ಛೆ, ಎಲ್ಲಿಂದ ನೆಗಡಿ? ಖಂಡಿತ ನಿನ್ನದೇ ಅದು.”

“ನೀನೇ ಮಾರಾಯ. ನಾನು ಆ ಪ್ರಾಯದಲ್ಲಿ ಅಷ್ಟು ಬೇಗ ಮಲಗುವವಳಲ್ಲ.”

“ನಾನೂ ಅಲ್ಲ.”

ಮೂರು ನಿಮಿಷದ ಹಿಂದೆ ನಮ್ಮದೆಂದು ಎಳೆದಾಡುತ್ತಿದ್ದ ಹೂಂ ಈಗ ಯಾರಿಗೂ ಬೇಡವಾಗಿತ್ತು. ನನ್ನ ಕಂದೀಲು, ಮೂಗುಬೊಟ್ಟು, ನನ್ನ ಕಡೆಗೇ ನೆಟ್ಟ ಕಣ್ಣು? ಅವೆಲ್ಲ ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ಎಲ್ಲಿಂದಲೋ ಬಂದು ಇಷ್ಟು ವರ್ಷ ನನ್ನ ಮನೆಯಲ್ಲಿ ಬಾಡಿಗೆಯಿಲ್ಲದೆ ಇದ್ದವು.

ಕಥೆ ನಡೆಯುತ್ತಲೇ ಇತ್ತು. ಸೊಳೆಗಳೆಲ್ಲ ಮುಗಿದು, ಬರೀ ಸಿಪ್ಪೆಯನ್ನು ತಲೆಗೆ ಟೊಪ್ಪಿಯಂತೆ ಇಟ್ಟುಕೊಂಡು ಮುಂಗುಸಿ ಮಾವನ ಮನೆಯ ಬಾಗಿಲಲ್ಲಿ ನಿಂತಿತು. ಅಲ್ಲಿ ಅಮ್ಮನಿಗೇ ನಗು ತಡೆಯಲಾಗಲಿಲ್ಲ. ಒಬ್ಬಳೇ, ಕತ್ತಲಲ್ಲಿ, ಯಾರನ್ನೂ ಎಬ್ಬಿಸಬಾರದೆಂದು ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಬೇಸರದಲ್ಲಿದ್ದಳೆಂದು ಹೇಳಲು ನನಗೆ ಧೈರ್ಯವಿಲ್ಲ. ಖುಷಿಯಲ್ಲಿದ್ದಳೆಂದು ಹೇಳಲೂ ಇಲ್ಲ. ಕಥೆಯನ್ನು ಮಾತ್ರ ಒಂದು ಮಾತೂ ಬಿಡದೆ ಹೇಳಿ ಮುಗಿಸಿದಳು.

ಆಮೇಲೆ ಬಳೆಯ ಸದ್ದು. ಅವಳು ಬಗ್ಗಿರಬೇಕು, ದನಿ ಹತ್ತಿರ ಬಂತು.

“ಮಲಗಿದಿರಾ ಇಬ್ಬರೂ?”

ಕಟಕ್ ಎಂದು ಗುಂಡಿ ಒತ್ತಿದ ಶಬ್ದ. ಟೇಪು ಖಾಲಿಯಾಗಿ ಓಡತೊಡಗಿತು.

ನಾನು ಡೆಕ್ ನಿಲ್ಲಿಸಲಿಲ್ಲ. ಹೊರಗೆ ಮೆಟ್ರೋ ಒಂದು ಕೊನೆಯ ನಿಲ್ದಾಣಕ್ಕೆ ಬಂದು ನಿಂತಿತು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಮತ್ತೆ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತಳು.

“ರಿವೈಂಡ್ ಮಾಡು” ಎಂದಳು. “ಈ ಸಲ ಮಲಗುವುದು ಬೇಡ.”